ಅಸಾಕುಸದ ಕಾಣದ ದೇವರು

ದೇವಾಲಯಕ್ಕೆ ಹೋಗುವುದೆಂದರೆ ದೇವರನ್ನು ಕಣ್ಣಾರೆ ಕಾಣುವುದೆಂದೇ ನಮ್ಮ ನಾಡಿನಲ್ಲಿ ಅರ್ಥ. ಗರ್ಭಗುಡಿಯ ತೆರೆ ಸರಿಯಬೇಕು. ಮಂಗಳಾರತಿಯ ಬೆಳಕಿನಲ್ಲಿ ಮೂರ್ತಿಯ ಮುಖ ಒಂದು ಕ್ಷಣವಾದರೂ ಹೊಳೆಯಬೇಕು. ಇಲ್ಲವಾದರೆ ಹೋದ ಕಾರ್ಯ ಕೈಗೂಡಲಿಲ್ಲವೆಂಬ ಕೊರಗು ಉಳಿಯುತ್ತದೆ. ಹಿಂದಿರುಗಿದವರನ್ನು ಮನೆಯವರು ಮೊದಲು ಕೇಳುವ ಪ್ರಶ್ನೆಯೂ "ದರ್ಶನವಾಯಿತೇ?" ಎಂಬುದೇ. ಆದರೆ ಜಪಾನಿನ ರಾಜಧಾನಿಯಾದ ಟೋಕಿಯೋ ಮಹಾನಗರದಲ್ಲಿ, ಸುಮಿದಾ ನದಿಯ ಪಶ್ಚಿಮ ದಡದ ಅಸಾಕುಸ ಎಂಬ ಬಡಾವಣೆಯಲ್ಲಿ ಒಂದು ಪ್ರಾಚೀನ ಬೌದ್ಧ ದೇವಾಲಯವುಂಟು. ವರ್ಷಕ್ಕೆ ಸುಮಾರು ಮೂರು ಕೋಟಿ ಜನ ಅಲ್ಲಿಗೆ ಬಂದುಹೋಗುವರೆಂದು ಹೇಳುತ್ತಾರೆ. ಆ ಮೂರು ಕೋಟಿ ಜನರಲ್ಲಿ ಒಬ್ಬರೂ ಅಲ್ಲಿಯ ಮೂಲದೇವರನ್ನು ನೋಡುವುದಿಲ್ಲ. ನೋಡಲು ಭಕ್ತರಿಗೆ ಅವಕಾಶವಿಲ್ಲ, ಅರ್ಚಕರಿಗೂ ಅಧಿಕಾರವಿಲ್ಲ. ಸಾವಿರದ ಮುನ್ನೂರು ವರ್ಷಗಳಿಂದ ಮುಚ್ಚಿದ ಬಾಗಿಲ ಮುಂದೆ ನಿಂತು ಕೈಮುಗಿದು ಹೋಗುವುದೇ ಅಲ್ಲಿಯ ದರ್ಶನ.

ಈ ದೇವಾಲಯದ ಹೆಸರು ಸೆನ್ಸೋಜಿ. ಹೊಸದಾಗಿ ಬಂದವನಿಗೆ ಊರಿನ ಹೆಸರು ಬೇರೆ, ಗುಡಿಯ ಹೆಸರು ಬೇರೆ ಎಂದು ತೋರುವುದು ಸಹಜ. ನಿಜದಲ್ಲಿ ಎರಡೂ ಒಂದೇ. ಒಂದೇ ಜೋಡಿ ಚೀನೀ ಅಕ್ಷರಗಳನ್ನು ಜಪಾನೀ ಮಾತಿನಲ್ಲಿ ಓದಿದರೆ 'ಅಸಾಕುಸ' ಎಂದೂ, ಚೀನೀ ಉಚ್ಚಾರವನ್ನು ಅನುಸರಿಸಿ ಓದಿದರೆ 'ಸೆನ್ಸೋ' ಎಂದೂ ಆಗುತ್ತದೆ. 'ಜಿ' ಎಂದರೆ ದೇವಾಲಯ.

ಉಯೆನೋ ನಿಲ್ದಾಣದಿಂದ ಅಸಾಕುಸಕ್ಕೆ ನೆಲದಡಿಯ ರೈಲಿನಲ್ಲಿ ಕೆಲವೇ ನಿಮಿಷಗಳ ಹಾದಿ. ೧೯೨೭ರ ಡಿಸೆಂಬರ್ ೩೦ರಂದು ಜಪಾನಿನ ಮೊತ್ತಮೊದಲ ಸುರಂಗ ರೈಲು ಓಡಿದ್ದು ಈ ೨.೨ ಕಿಲೋಮೀಟರ್ ದೂರದಲ್ಲಿಯೇ. ಕಚೇರಿಗಳ ಕೇರಿಯನ್ನಾಗಲಿ ಅರಮನೆಯ ಬೀದಿಯನ್ನಾಗಲಿ ಆರಿಸದೆ ಮೊದಲ ರೈಲನ್ನು ಅಸಾಕುಸಕ್ಕೆ ಎಳೆದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆಗ ಊರಿನ ಜನಸಂದಣಿಯೆಲ್ಲ ಇಲ್ಲಿಯೇ ಇದ್ದಿತು. ಜಪಾನಿನ ಮೊದಲ ಕಾಯಂ ಚಲನಚಿತ್ರ ಮಂದಿರ ತೆರೆದದ್ದು ೧೯೦೩ರಲ್ಲಿ ಇದೇ ಬಡಾವಣೆಯಲ್ಲಿ. ಅದಕ್ಕೂ ಮೊದಲು, ೧೮೯೦ರಲ್ಲಿ, ಹನ್ನೆರಡು ಅಂತಸ್ತಿನ ಇಟ್ಟಿಗೆಯ ಗೋಪುರವೊಂದು ಎದ್ದು, ಜಪಾನೀಯರು ಮೊದಲ ಬಾರಿಗೆ ವಿದ್ಯುತ್ ಲಿಫ್ಟನ್ನು ಕಂಡದ್ದೂ ಇಲ್ಲಿಯೇ. ದೇವರು, ನಾಟಕ, ತಿಂಡಿತೀರ್ಥ, ದೊಂಬರಾಟ ಎಲ್ಲವೂ ಒಂದರ ಮಗ್ಗುಲಲ್ಲಿ ಒಂದು ಇರುವ ಜಾತ್ರೆಯ ಸ್ಥಳವಾಗಿ ಅಸಾಕುಸ ಬೆಳೆದು ಬಂದಿದೆ.

ನಿಲ್ದಾಣದಿಂದ ಮೇಲೇರಿ ಬಂದವನಿಗೆ ಮೊದಲು ಎದುರಾಗುವುದು ಕಾಮಿನಾರಿಮೋನ್, ಎಂದರೆ ಸಿಡಿಲಿನ ಬಾಗಿಲು. ಕೆಂಪು ಬಣ್ಣದ ಈ ಹೆಬ್ಬಾಗಿಲಿನ ಬಲಕ್ಕೆ ಗಾಳಿಯ ದೇವರು, ಎಡಕ್ಕೆ ಸಿಡಿಲಿನ ದೇವರು. ಗಾಳಿಯ ದೇವರ ಹೆಗಲ ಮೇಲೆ ಗಾಳಿ ತುಂಬಿದ ಚೀಲ. ಸಿಡಿಲಿನ ದೇವರ ಬೆನ್ನ ಸುತ್ತ ನಗಾರಿಗಳ ಬಳೆ. ನಡುವೆ ತೂಗುವ ಕೆಂಪು ಕಾಗದದ ಬುಟ್ಟಿದೀಪ ಜಗತ್ತಿಗೆಲ್ಲ ಪರಿಚಿತವಾದುದು. ಅದರ ಎತ್ತರ ೩.೯ ಮೀಟರ್, ಅಗಲ ೩.೩ ಮೀಟರ್, ತೂಕ ಸುಮಾರು ೭೦೦ ಕಿಲೋಗ್ರಾಂ. ಬಿದಿರು ಮತ್ತು ಕಾಗದದಿಂದ ಕ್ಯೋಟೋ ನಗರದ ಕುಶಲಕರ್ಮಿಗಳು ಇದನ್ನು ಮಾಡಿ ಕಳುಹಿಸುತ್ತಾರೆ. ಹತ್ತು ವರ್ಷಗಳಿಗೊಮ್ಮೆ ಹೊಸದು ಬರುತ್ತದೆ. ಬಿರುಗಾಳಿಯ ದಿನಗಳಲ್ಲಿ ಅದನ್ನು ಮೇಲಕ್ಕೆ ಮಡಿಸಿ ಕಟ್ಟುವುದುಂಟು. ಅದರ ಅಡಿಯಲ್ಲಿ ನಿಂತು ತಲೆಯೆತ್ತಿದರೆ ತಳದ ಮರದ ಹಲಗೆಯಲ್ಲಿ ಸೊಗಸಾದ ನಾಗದೇವತೆಯ ಕೆತ್ತನೆ ಕಾಣುತ್ತದೆ. ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವ ಅವಸರದಲ್ಲಿ ಹೆಚ್ಚಿನವರು ಇದನ್ನು ಗಮನಿಸದೆ ಹೋಗುತ್ತಾರೆ.

ಇಷ್ಟು ಹಳೆಯದಾಗಿ ಕಾಣುವ ಈ ಬಾಗಿಲು ೧೯೬೦ರದು ಎಂದರೆ ಅನೇಕರು ನಂಬಲಾರರು. ಹಿಂದಿನ ಬಾಗಿಲು ೧೮೬೫ರ ಬೆಂಕಿಯಲ್ಲಿ ಸುಟ್ಟುಹೋಗಿದ್ದಿತು. ಆ ಬಳಿಕ ತೊಂಬತ್ತೈದು ವರ್ಷ ಅಲ್ಲಿ ಬಾಗಿಲೇ ಇರಲಿಲ್ಲ. 'ಬಾಗಿಲ ಮುಂದೆ' ಎಂಬ ಮಾತು ಮಾತ್ರ ಜನರ ಬಾಯಲ್ಲಿ ಉಳಿದುಕೊಂಡಿತ್ತು. ವಿದ್ಯುತ್ ಸಾಮಗ್ರಿಗಳ ಪ್ರಸಿದ್ಧ ಉದ್ಯಮಿ ಮತ್ಸುಶಿತಾ ಕೊನೊಸುಕೆಯವರು ತಮ್ಮ ಕಾಯಿಲೆ ಇಲ್ಲಿಯ ಪ್ರಾರ್ಥನೆಯಿಂದ ವಾಸಿಯಾಯಿತೆಂಬ ಕೃತಜ್ಞತೆಯಿಂದ ಅದನ್ನು ಮತ್ತೆ ಕಟ್ಟಿಸಿಕೊಟ್ಟರು. ಇಬ್ಬರು ದೇವರುಗಳ ತಲೆಗಳು ಮಾತ್ರ ಹಳೆಯವು; ಬೆಂಕಿಯಲ್ಲಿ ಉಳಿದುಬಂದ ಆ ತಲೆಗಳಿಗೆ ಹೊಸ ಮೈಗಳನ್ನು ಜೋಡಿಸಲಾಗಿದೆ. ಹಳೆಯದು ಯಾವುದು, ಹೊಸದು ಯಾವುದು ಎಂಬ ಈ ಗೊಂದಲ ಒಳಗೆ ಹೋದಷ್ಟೂ ಹೆಚ್ಚುತ್ತದೆ.

ಬಾಗಿಲು ದಾಟಿದೊಡನೆ ಸುಮಾರು ೨೫೦ ಮೀಟರ್ ಉದ್ದದ ಅಂಗಡಿಬೀದಿ, ನಕಾಮಿಸೆ. ಎರಡು ಸಾಲಿನಲ್ಲಿ ತೊಂಬತ್ತರಷ್ಟು ಪುಟ್ಟ ಮಳಿಗೆಗಳಿವೆ. ದೇವಾಲಯದ ಅಂಗಳವನ್ನು ಗುಡಿಸಿ ಚೊಕ್ಕಟವಾಗಿಡುವ ಊಳಿಗಕ್ಕೆ ಪ್ರತಿಯಾಗಿ ಸುತ್ತಣ ನಿವಾಸಿಗಳಿಗೆ ಇಲ್ಲಿ ವ್ಯಾಪಾರ ಮಾಡುವ ಹಕ್ಕು ದೊರೆತುದು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ. ಬೀಸಣಿಗೆ, ಮರದ ಬಾಚಣಿಗೆ, ಮಕ್ಕಳ ಗೊಂಬೆ, ಕಾಗದದ ಕೊಡೆ ಮುಂತಾದುವು ಎಲ್ಲ ಕ್ಷೇತ್ರಗಳ ರಥಬೀದಿಗಳಲ್ಲಿ ಇರುವಂತೆ ಇಲ್ಲಿಯೂ ಉಂಟು. ಕನ್ನಡ ನಾಡಿನವರ ಕಾಲನ್ನು ತಡೆದು ನಿಲ್ಲಿಸುವುದು 'ಕಾಮಿನಾರಿ ಒಕೊಶಿ' ಎಂಬ ಸಿಹಿತಿನಿಸು. ಅಕ್ಕಿಯನ್ನು ಅರಳಿಸಿ, ಸಕ್ಕರೆಯ ಪಾಕ ಹಾಕಿ, ಗಟ್ಟಿಯಾಗಿ ಒತ್ತಿ ಕತ್ತರಿಸಿದ ಇದು ನಮ್ಮ ಪುರಿಯುಂಡೆಯ ಸಮೀಪದ ಬಂಧುವೇ ಸರಿ. ಆಕಾರ ಮಾತ್ರ ಚೌಕ. ಆದರೆ ಕೊಂಡುಕೊಂಡು ತಿನ್ನುತ್ತ ನಡೆಯುವುದನ್ನು ಇಲ್ಲಿಯ ಅಂಗಡಿಯವರು ಒಪ್ಪುವುದಿಲ್ಲ. ಅಂಗಡಿಯ ಮುಂದೆ ನಿಂತು ತಿಂದು ಮುಗಿಸಿ ಮುಂದುವರಿಯಬೇಕು.

ಬೀದಿಯ ಕೊನೆಗೆ ಎರಡನೆಯ ಬಾಗಿಲು, ಹೋಜೋಮೋನ್. ಇದರ ಮೇಲಂತಸ್ತಿನಲ್ಲಿ ಚೀನಾದ ಯುವಾನ್ ವಂಶದ ಕಾಲದಲ್ಲಿ ಮುದ್ರಿತವಾದ ಬೌದ್ಧ ಧರ್ಮಗ್ರಂಥಗಳ ೫,೪೨೮ ಸಂಪುಟಗಳ ಭಂಡಾರವಿದೆ. ಕೆಳಗೆ ಎರಡು ಪಕ್ಕಗಳಲ್ಲಿ ಕಣ್ಣುಕೆರಳಿಸಿ ನಿಂತ ದ್ವಾರಪಾಲಕರು. ಹಿಂದಿನ ಗೋಡೆಗೆ ಹುಲ್ಲಿನ ಚಪ್ಪಲಿಗಳ ಒಂದು ಜೋಡಿ ತೂಗುಹಾಕಿದೆ. ಒಂದೊಂದರ ಉದ್ದ ನಾಲ್ಕೂವರೆ ಮೀಟರ್. ಒಂದೊಂದರ ತೂಕ ೫೦೦ ಕಿಲೋಗ್ರಾಂ. ಯಮಗಾತಾ ಪ್ರಾಂತದ ಮುರಯಾಮಾ ಊರಿನ ಜನ ಸೇರಿ ಹೆಣೆದು ಕಳುಹಿಸಿದ ಕಾಣಿಕೆ ಇದು. ಇಷ್ಟು ದೊಡ್ಡ ಚಪ್ಪಲಿ ಮೆಟ್ಟುವವನು ಒಳಗಿರುವನೆಂದು ತಿಳಿದ ಪಿಶಾಚಿಗಳು ಹೆದರಿ ಓಡುವುವಂತೆ!

ಒಳಗಿರುವವನ ಗಾತ್ರವಾದರೋ ಇದಕ್ಕೆ ಪೂರ್ತಿ ವಿರುದ್ಧ. ಜನರು ಪರಂಪರೆಯಿಂದ ಹೇಳಿಕೊಂಡು ಬಂದಂತೆ ಅದು ಬೆರಳುದ್ದದ, ಸುಮಾರು ಐದೂವರೆ ಸೆಂಟಿಮೀಟರಿನ ಹೊನ್ನಿನ ಮೂರ್ತಿ.

ಅದರ ಕಥೆ ಹೀಗಿದೆ. ಕ್ರಿ.ಶ. ೬೨೮ರ ವಸಂತದಲ್ಲಿ ಒಂದು ಬೆಳಗಿನ ಜಾವ ಹಮನಾರಿ, ತಕೆನಾರಿ ಎಂಬ ಬೆಸ್ತ ಸಹೋದರರು ಸುಮಿದಾ ನದಿಯಲ್ಲಿ ಬಲೆ ಬೀಸಿದರು. ಮೀನಿಗೆ ಬದಲಾಗಿ ಒಂದು ಪುಟ್ಟ ವಿಗ್ರಹ ಬಲೆಗೆ ಬಂದಿತು. ಏನೆಂದು ತಿಳಿಯದೆ ಅದನ್ನು ನೀರಿಗೆ ಬಿಟ್ಟು ಮತ್ತೆ ಬಲೆ ಬೀಸಿದರು. ಮತ್ತೆ ಅದೇ ಬಂದಿತು. ಊರಿನ ಮುಖ್ಯಸ್ಥನಾದ ಹಾಜಿ ನೊ ನಕಾತೊಮೊ ಎಂಬವನಿಗೆ ತೋರಿಸಲಾಗಿ, ಇದು ಕನ್ನೋನ್ ಬೋಧಿಸತ್ವನ ಮೂರ್ತಿಯೆಂದು ಅವನು ಗುರುತಿಸಿದನು. ತನ್ನ ಮನೆಯನ್ನೇ ಗುಡಿಯನ್ನಾಗಿ ಮಾಡಿ ತಾನೇ ಸನ್ಯಾಸಿಯಾದನು. ಆಗ ಟೋಕಿಯೋ ಇರಲಿಲ್ಲ. ಅದರ ಹಿಂದಿನ ಎದೋ ಪಟ್ಟಣವೂ ಇರಲಿಲ್ಲ. ಜೊಂಡು ಬೆಳೆದ ನದೀಮುಖದಲ್ಲಿ ಬೆಸ್ತರ ಕೆಲವು ಗುಡಿಸಲುಗಳಿದ್ದವು. ಮಹಾನಗರವೊಂದು ದೇವಾಲಯವನ್ನು ಕಟ್ಟುವುದು ಸಾಮಾನ್ಯ ಸಂಗತಿ; ಇಲ್ಲಿ ದೇವಾಲಯವೇ ಮೊದಲು ಬಂದು, ಸಾವಿರ ವರ್ಷ ಕಾದ ಮೇಲೆ ನಗರವು ಅದರ ಬಳಿಗೆ ನಡೆದುಬಂದಿತು.

೬೪೫ರಲ್ಲಿ ಶೋಕಾಯಿ ಎಂಬ ಭಿಕ್ಷು ಇಲ್ಲಿಗೆ ಬಂದು ಗುಡಿಯನ್ನು ವಿಸ್ತರಿಸಿದನು. ಅವನ ಕನಸಿನಲ್ಲಿ ಬಂದ ಅಪ್ಪಣೆಯಂತೆ ಮೂರ್ತಿಯನ್ನು ಮರೆಮಾಡಲಾಯಿತು. ಅಂದಿನಿಂದ ಅದು ಮರೆಯಲ್ಲಿಯೇ ಇದೆ. ೮೫೭ರಲ್ಲಿ ಎನ್ನಿನ್ ಎಂಬ ಮಹಾವಿದ್ವಾಂಸನು ಮೂಲಮೂರ್ತಿಯ ಮುಂದೆ ನಿಲ್ಲಿಸಲು ಇನ್ನೊಂದು ಮೂರ್ತಿಯನ್ನು ಕೆತ್ತಿದನೆಂದು ಪ್ರತೀತಿ. ವರ್ಷಕ್ಕೊಮ್ಮೆ, ಡಿಸೆಂಬರ್ ೧೩ರಂದು, ಸ್ವಲ್ಪ ಹೊತ್ತು ತೆರೆ ತೆಗೆದು ತೋರಿಸುವುದು ಈ ಪ್ರತಿನಿಧಿಯನ್ನೇ. ನಮ್ಮಲ್ಲಿಯ ಉತ್ಸವಮೂರ್ತಿಯ ಕ್ರಮವನ್ನು ಇದು ನೆನಪಿಗೆ ತಂದರೂ, ಮೂಲವಿಗ್ರಹಕ್ಕೆ ಎಂದೆಂದಿಗೂ ತೆರೆ ಸರಿಯದಿರುವುದು ನಮಗೆ ಹೊಸತು.

ಹೊಸತಾದರೂ ಈ ದೇವರು ನಮಗೆ ಅಪರಿಚಿತನಲ್ಲ. ಕನ್ನೋನ್ ಎಂಬುದು ಅವಲೋಕಿತೇಶ್ವರನ ಜಪಾನೀ ಹೆಸರು. ಸಂಸ್ಕೃತದಿಂದ ಚೀನಾಕ್ಕೆ ಹೋಗುವಾಗ ಈ ಹೆಸರಿಗೆ 'ಲೋಕದ ಕೂಗನ್ನು ಕೇಳುವವನು' ಎಂಬ ಅರ್ಥ ಬಂದಿತು. ಅದೇ ಅರ್ಥ ಸಮುದ್ರ ದಾಟಿ ಜಪಾನಿಗೂ ಹೋಯಿತು. ಮಂಗಳೂರಿನ ಕದ್ರಿ ಮಂಜುನಾಥನ ದೇವಾಲಯವನ್ನು ಕಂಡವರು ಅಲ್ಲಿಯ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೆನೆದುಕೊಳ್ಳಬಹುದು. ಆಳುಪ ಅರಸನಾದ ಕುಂದವರ್ಮನು ಕದರಿಕಾ ವಿಹಾರದಲ್ಲಿ ಅದನ್ನು ಸ್ಥಾಪಿಸಿದನೆಂದು ಕ್ರಿ.ಶ. ೯೬೮ರ ಶಾಸನ ಹೇಳುತ್ತದೆ. ಲೋಕೇಶ್ವರನೆಂಬುದು ಅವಲೋಕಿತೇಶ್ವರನದೇ ಇನ್ನೊಂದು ಹೆಸರು. ಕದ್ರಿಯಲ್ಲಿ ಅವನು ಎಲ್ಲರ ಕಣ್ಣಿಗೂ ಕಾಣಿಸುತ್ತಾನೆ, ಆದರೆ ಅವನ ಬೌದ್ಧ ಮೂಲ ಹಲವರಿಗೆ ತಿಳಿದಿಲ್ಲ. ಅಸಾಕುಸದಲ್ಲಿ ಅವನು ಯಾರೆಂದು ಮಗುವಿಗೂ ಗೊತ್ತು, ಆದರೆ ಕಾಣುವವರಿಲ್ಲ. ಮನೆಮನೆಗಳಲ್ಲಿರುವ ಒಂದು ಪ್ರಸಿದ್ಧ ಕ್ಯಾಮೆರಾದ ಹೆಸರಿನಲ್ಲಿಯೂ ಈ ದೇವರೇ ಅಡಗಿದ್ದಾನೆ. ಕ್ಯಾನನ್ ಸಂಸ್ಥೆಯ ಸ್ಥಾಪಕರು ೧೯೩೪ರಲ್ಲಿ ತಯಾರಿಸಿದ ಮೊದಲ ಮಾದರಿ ಕ್ಯಾಮೆರಾಕ್ಕೆ 'ಕ್ವಾನೋನ್' ಎಂದು ಹೆಸರಿಟ್ಟಿದ್ದರು.

ಅಂಗಳದ ನಡುವೆ ದೊಡ್ಡದೊಂದು ಧೂಪದ ಕುಂಡ. ಜನರು ಅದನ್ನು ಸುತ್ತುವರಿದು ಹೊಗೆಯನ್ನು ಅಂಗೈಯಿಂದ ಮೈಮೇಲೆ ಎಳೆದುಕೊಳ್ಳುತ್ತಾರೆ. ಮಂಡಿನೋವಿನವರು ಮಂಡಿಗೆ, ಪರೀಕ್ಷೆಗೆ ಕೂರುವ ಹುಡುಗರು ತಲೆಗೆ! ಪಕ್ಕದ ತೊಟ್ಟಿಯಲ್ಲಿ ಕೈತೊಳೆದು ಮೆಟ್ಟಿಲೇರಿದರೆ ಪ್ರಧಾನ ಮಂದಿರ. ಕಾಣಿಕೆಯ ಪೆಟ್ಟಿಗೆಗೆ ಬೀಳುವ ನಾಣ್ಯಗಳ ಸದ್ದು ನಿಲ್ಲುವುದೇ ಇಲ್ಲ. ಐದು ಯೆನ್ ನಾಣ್ಯವನ್ನು ಹಾಕುವುದು ಹಲವರ ಪದ್ಧತಿ. ಐದು ಯೆನ್ ಎಂಬುದಕ್ಕೂ ಋಣಾನುಬಂಧವೆಂಬುದಕ್ಕೂ ಅವರ ಭಾಷೆಯಲ್ಲಿ ಉಚ್ಚಾರ ಒಂದೇ. ತಲೆಯೆತ್ತಿದರೆ ಛಾವಣಿಯಲ್ಲಿ ಕವಾಬತಾ ರ್‍ಯೂಶಿ ಬರೆದ ನಾಗದೇವತೆ, ದೋಮೊತೊ ಇನ್ಶೋ ಬರೆದ ಅಪ್ಸರೆಯರು. ಮಂದಿರದಲ್ಲಿ ತೂಗುಹಾಕಿದ ಹಲಗೆಯೊಂದರ ಮೇಲೆ ಮೂರು ದಪ್ಪ ಅಕ್ಷರಗಳಿವೆ. ಅವುಗಳ ಅರ್ಥ 'ಭಯವಿಲ್ಲದಿರುವಿಕೆಯನ್ನು ಕೊಡುವವನು', ಎಂದರೆ ಅಭಯದಾತ. ಅವಲೋಕಿತೇಶ್ವರನಿಗೆ ಸದ್ಧರ್ಮಪುಂಡರೀಕ ಸೂತ್ರವು ಕೊಟ್ಟ ಬಿರುದು ಅದು. ಬೆಂಕಿಯಲ್ಲಿ ಬಿದ್ದವನು, ನೀರಿನಲ್ಲಿ ಮುಳುಗುವವನು, ಕತ್ತಿಗೆ ಕೊರಳೊಡ್ಡಿದವನು ಅವನ ಹೆಸರನ್ನು ಕರೆದರೆ ಅವನು ಕೇಳುತ್ತಾನೆಂದು ಆ ಸೂತ್ರದ ಭರವಸೆ.

ಈ ಭರವಸೆಗೆ ಇಪ್ಪತ್ತನೆಯ ಶತಮಾನವು ಎರಡು ಬಾರಿ ಬೆಂಕಿಯನ್ನೇ ಒಡ್ಡಿತು.

ಮೊದಲನೆಯದು ೧೯೨೩ರ ಸೆಪ್ಟೆಂಬರ್ ೧. ಮಧ್ಯಾಹ್ನದ ಅಡುಗೆಗೆ ಮನೆಮನೆಯಲ್ಲಿಯೂ ಒಲೆ ಉರಿಯುತ್ತಿದ್ದ ಹೊತ್ತಿನಲ್ಲಿ ಭೂಮಿ ನಡುಗಿತು. ಮರದ ಮನೆಗಳ ನಗರ ಹೊತ್ತಿಕೊಂಡಿತು. ಹನ್ನೆರಡು ಅಂತಸ್ತಿನ ಆ ಹೆಮ್ಮೆಯ ಗೋಪುರ ಎಂಟನೆಯ ಅಂತಸ್ತಿನ ಬಳಿ ಮುರಿದುಬಿದ್ದಿತು. ಉಳಿದ ಭಾಗವನ್ನು ಬಳಿಕ ಸೈನ್ಯದವರು ಸಿಡಿಸಿ ಕೆಡವಿದರು. ನದಿಯ ಆಚೆ ದಡದಲ್ಲಿ ಸೈನ್ಯದ ಉಡುಪಿನ ಉಗ್ರಾಣವಿದ್ದ ವಿಶಾಲವಾದ ಬಯಲೊಂದಿತ್ತು. ಬಯಲೆಂದರೆ ಕ್ಷೇಮವೆಂದು ಗಂಟುಮೂಟೆ ಹೊತ್ತು ಅಲ್ಲಿಗೆ ಓಡಿದವರ ಮೇಲೆ ಬೆಂಕಿಯ ಸುಂಟರಗಾಳಿ ಎರಗಿ, ಅದೊಂದೇ ಸ್ಥಳದಲ್ಲಿ ಸುಮಾರು ೩೮,೦೦೦ ಜನ ಸತ್ತರು. ಅದೇ ಹೊತ್ತಿನಲ್ಲಿ ಕನ್ನೋನ್ ಮಂದಿರದ ಅಂಗಳಕ್ಕೆ ಓಡಿಬಂದವರು ಬದುಕಿದರು. ಸುತ್ತಲೂ ಎಲ್ಲ ಉರಿದು ಬೂದಿಯಾದರೂ ೧೬೪೯ರಲ್ಲಿ ಷೋಗುನ್ ಇಯೆಮಿತ್ಸು ಕಟ್ಟಿಸಿದ ಮರದ ಮಂದಿರಕ್ಕೆ ಕಿಡಿ ತಾಗಲಿಲ್ಲ. ಅಂಗಳದಲ್ಲಿ ದೊಡ್ಡ ಮರಗಳಿದ್ದವು, ಕೊಳದ ನೀರಿತ್ತು, ಬಕೆಟ್ಟುಗಳನ್ನು ಕೈಯಿಂದ ಕೈಗೆ ಸಾಗಿಸಿದ ಜನರಿದ್ದರು ಎಂದು ವಿವರಿಸುವವರುಂಟು. ಬದುಕಿದವರಿಗೆ ಆ ವಿವರಣೆ ಸಾಕಾಗಲಿಲ್ಲ. ದೇವರು ಕೂಗನ್ನು ಕೇಳಿದನೆಂದೇ ಅವರು ತಿಳಿದರು. ಹಾಗೆ ತಿಳಿದುದನ್ನು ತಪ್ಪೆನ್ನುವ ಅಧಿಕಾರ ಯಾರಿಗಿದೆ?

ಎರಡನೆಯದು ೧೯೪೫ರ ಮಾರ್ಚ್ ೧೦. ಮಧ್ಯರಾತ್ರಿ ಕಳೆಯುತ್ತಲೇ ಸುಮಾರು ಮುನ್ನೂರು ಅಮೆರಿಕನ್ ಬಿ-೨೯ ವಿಮಾನಗಳು ಸುಮಿದಾ ನದಿಯ ಎರಡು ದಡಗಳ ಜನನಿಬಿಡ ಕೇರಿಗಳ ಮೇಲೆ ಬೆಂಕಿಬಾಂಬುಗಳ ಮಳೆ ಸುರಿಸಿದವು. ಬಡವರ, ಕುಶಲಕರ್ಮಿಗಳ, ಸಣ್ಣ ಅಂಗಡಿಗಳವರ ಕೇರಿಗಳು ಅವು. ಆ ರಾತ್ರಿ ಬಲವಾದ ಗಾಳಿ ಬೀಸುತ್ತಿದ್ದಿತು. ಇಪ್ಪತ್ತೆರಡು ವರ್ಷಗಳ ಹಿಂದಿನ ಘಟನೆಯನ್ನು ಮರೆಯದ ಜನ, ಮಕ್ಕಳ ಕೈಹಿಡಿದುಕೊಂಡು, ಮುದುಕರನ್ನು ಬೆನ್ನಮೇಲೆ ಹೊತ್ತುಕೊಂಡು ಮತ್ತೆ ಕನ್ನೋನ್ ಮಂದಿರದ ಕಡೆಗೆ ಓಡಿದರು. ಅಲ್ಲಿಗೆ ಹೋದರೆ ಉಳಿಯುತ್ತೇವೆ ಎಂಬುದು ಆ ಬಡಾವಣೆಯಲ್ಲಿ ತಂದೆಯಿಂದ ಮಗನಿಗೆ ಬಂದ ತಿಳಿವಳಿಕೆಯಾಗಿತ್ತು. ಈ ಬಾರಿ ಮಂದಿರವೇ ಹೊತ್ತಿಕೊಂಡಿತು. ರಾಷ್ಟ್ರದ ನಿಧಿಯೆಂದು ಸರ್ಕಾರ ಘೋಷಿಸಿದ್ದ ಆ ಕಟ್ಟಡ, ಅದರ ಪಕ್ಕದ ಐದಂತಸ್ತಿನ ಪಗೋಡಾ, ಒಳಬಾಗಿಲು ಎಲ್ಲವೂ ಬೆಳಗಾಗುವ ವೇಳೆಗೆ ಇಲ್ಲವಾಗಿದ್ದವು. ಹತ್ತಿರದ ಕೊತೊತೊಯಿ ಸೇತುವೆಯ ಮೇಲೆ ಈ ದಡದವರು ಆ ದಡಕ್ಕೂ, ಆ ದಡದವರು ಈ ದಡಕ್ಕೂ ಓಡಿಬಂದು, ನಡುವೆ ಕದಲಲಾರದೆ ಸಿಲುಕಿ, ಅಲ್ಲಿಯೇ ಸುಟ್ಟುಹೋದರು. ಆ ಒಂದು ರಾತ್ರಿಯಲ್ಲಿ ಟೋಕಿಯೋದಲ್ಲಿ ಸತ್ತವರು ಸುಮಾರು ಒಂದು ಲಕ್ಷ. ಮನೆ ಕಳೆದುಕೊಂಡವರು ಹತ್ತು ಲಕ್ಷಕ್ಕೂ ಹೆಚ್ಚು.

ಮೂಲಮೂರ್ತಿಯನ್ನು ಅದಕ್ಕೆ ಮೊದಲೇ ಮಂದಿರದ ಕೆಳಗೆ ನೆಲದಾಳದಲ್ಲಿ ಹೂಳಲಾಗಿತ್ತೆಂದೂ, ಆದುದರಿಂದ ಅದು ಉಳಿಯಿತೆಂದೂ ದೇವಾಲಯದ ಹೇಳಿಕೆ. ದೇವರು ಉಳಿದನು, ನಂಬಿ ಬಂದವರು ಉಳಿಯಲಿಲ್ಲ ಎಂದು ಯಾರಾದರೂ ಕಹಿಯಾಗಿ ಮಾತನಾಡಿದ್ದರೆ ಅದು ಅಸಹಜವೇನಾಗುತ್ತಿರಲಿಲ್ಲ. ಸುಳ್ಳಾದ ಅಭಯವನ್ನು ಜನರು ಕ್ಷಮಿಸುವುದು ವಿರಳ. ಆದರೆ ಅಸಾಕುಸದಲ್ಲಿ ನಡೆದದ್ದು ಬೇರೆ. ಬೂದಿಯ ನಡುವೆ ಒಂದು ತಾತ್ಕಾಲಿಕ ಗುಡಿ ಎದ್ದಿತು. ಮನೆ ಕಟ್ಟಿಕೊಳ್ಳಲು ಹಲಗೆ ಸಿಕ್ಕದ ಕಾಲದಲ್ಲಿ, ಅಕ್ಕಿಗೆ ಪಡಿತರವಿದ್ದ ಕಾಲದಲ್ಲಿ ಜನರು ಮತ್ತೆ ಅಲ್ಲಿಗೆ ಬಂದು ಕೈಮುಗಿದರು, ನಾಣ್ಯ ಹಾಕಿದರು. ಭಕ್ತರ ಕಾಣಿಕೆಯಿಂದ ೧೯೫೮ರಲ್ಲಿ ಪ್ರಧಾನ ಮಂದಿರವು ಮತ್ತೆ ನಿಂತಿತು. ಕಾಮಿನಾರಿಮೋನ್ ೧೯೬೦ರಲ್ಲಿ, ಹೋಜೋಮೋನ್ ಒತಾನಿ ಯೊನೆತಾರೋ ಎಂಬ ಉದ್ಯಮಿಯ ದಾನದಿಂದ ೧೯೬೪ರಲ್ಲಿ, ಪಗೋಡಾ ೧೯೭೩ರಲ್ಲಿ ಎದ್ದವು. ಪಗೋಡಾದ ಮೇಲಂತಸ್ತಿನಲ್ಲಿ ಸಿಂಹಳದ ಇಸುರುಮುನಿಯ ವಿಹಾರದವರು ಕೊಟ್ಟ ಬುದ್ಧನ ಅಸ್ಥಿಧಾತು ಇದೆ.

ಹೊಸ ಮಂದಿರವನ್ನು ಕಟ್ಟಿದುದು ಮರದಿಂದಲ್ಲ, ಕಬ್ಬಿಣದ ಸರಳು ಹೆಣೆದ ಕಾಂಕ್ರೀಟಿನಿಂದ. ಹೊರರೂಪ ಹಳೆಯದರಂತೆಯೇ ಇದೆ; ಹೆಂಚುಗಳು ಮಾತ್ರ ೨೦೧೦ರಲ್ಲಿ ಟೈಟೇನಿಯಂ ಲೋಹದವಾಗಿ ಬದಲಾದವು, ಭೂಕಂಪದಲ್ಲಿ ಭಾರವಾದ ಹೆಂಚುಗಳು ಜನರ ತಲೆಯ ಮೇಲೆ ಬೀಳಬಾರದೆಂದು. ಪುರಾತನವನ್ನು ಅರಸಿ ಬಂದ ಕೆಲವು ಪ್ರವಾಸಿಗಳು ಈ ಕಾಂಕ್ರೀಟನ್ನು ಕಂಡು ಮುಖ ಸಿಂಡರಿಸುತ್ತಾರೆ. ಕ್ಯೋಟೋ ನಾರಾಗಳ ಮರದ ಗುಡಿಗಳ ಮುಂದೆ ಇದು ಅನುಕರಣವೆಂದು ಹೇಳುವವರುಂಟು. ೧೯೪೫ರ ರಾತ್ರಿಯನ್ನು ತಿಳಿದವನಿಗೆ ಈ ಮಾತು ಹಗುರವಾಗಿ ಕೇಳಿಸುತ್ತದೆ. ಮುಂದಿನ ಸಲ ಓಡಿಬರುವವರಿಗೆ ಉರಿಯದ ಗೋಡೆ ಇರಲಿ ಎಂದು ಕಟ್ಟಿದವರು ಯೋಚಿಸಿದ್ದರೆ ಅದರಲ್ಲಿ ಕೊರತೆ ಹುಡುಕುವುದೇನು?

ನಿಜವಾಗಿ ಹಳೆಯದಾದುದನ್ನು ನೋಡಬಯಸುವವನು ಮಂದಿರದ ಪೂರ್ವಕ್ಕೆ ತಿರುಗಬೇಕು. ಅಲ್ಲಿ ೧೬೧೮ರ ನಿತೆನ್‌ಮೋನ್ ಎಂಬ ಬಾಗಿಲಿದೆ. ಜನಸಂದಣಿಯಿಲ್ಲ, ಬುಟ್ಟಿದೀಪದ ಆಡಂಬರವೂ ಅಷ್ಟಿಲ್ಲ. ಎರಡು ಬೆಂಕಿಗಳನ್ನೂ ಅದು ದಾಟಿ ಬಂದಿದೆ. ಅದರ ಹತ್ತಿರದಲ್ಲಿಯೇ ೧೬೪೯ರ ಅಸಾಕುಸ ಶಿಂತೋ ಗುಡಿ; ಇದೂ ಉಳಿದುಬಂದುದು. ಇಲ್ಲಿ ಪೂಜೆಗೊಳ್ಳುವವರು ಬೇರೆ ಯಾರೂ ಅಲ್ಲ, ಮೂರ್ತಿಯನ್ನು ಬಲೆಯಲ್ಲಿ ಹಿಡಿದ ಆ ಇಬ್ಬರು ಬೆಸ್ತರು ಮತ್ತು ಅದನ್ನು ಗುರುತಿಸಿದ ಮುಖ್ಯಸ್ಥ. ಬುದ್ಧನ ಗುಡಿಯಲ್ಲಿ ಸದ್ದಿಲ್ಲದೆ ಕೈಮುಗಿದವರೇ ಹತ್ತು ಹೆಜ್ಜೆ ನಡೆದು ಇಲ್ಲಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ೧೮೬೮ರಲ್ಲಿ ಸರ್ಕಾರವು ಬೌದ್ಧ ಶಿಂತೋ ಮತಗಳನ್ನು ಕಾಯಿದೆಯಿಂದ ಬೇರ್ಪಡಿಸಿತು. ಭಕ್ತರ ಕಾಲುಗಳಿಗೆ ಆ ಕಾಯಿದೆ ತಿಳಿದಂತಿಲ್ಲ. ಮೇ ತಿಂಗಳ ಮೂರನೆಯ ವಾರಾಂತ್ಯದಲ್ಲಿ ಈ ಮೂವರ ಪಲ್ಲಕ್ಕಿಗಳು ಬೀದಿಗಿಳಿದಾಗ ಬಡಾವಣೆಗೆ ಬಡಾವಣೆಯೇ ಹೆಗಲು ಕೊಡುತ್ತದೆ.

ಅಂಗಳದಲ್ಲಿ ಕೆಲವು ಗಿಂಕೋ ಮರಗಳಿವೆ. ಪ್ರಧಾನ ಮಂದಿರದ ಬಳಿಯ ಹಿರಿಯ ಮರದ ಕಾಂಡದಲ್ಲಿ ಬೆಂಕಿ ಕೊರೆದ ಕಪ್ಪು ಗಾಯ ಇಂದಿಗೂ ಇದೆ. ಒಂದು ಮಗ್ಗುಲು ಇದ್ದಿಲಾದ ಆ ಮರ ವಸಂತದಲ್ಲಿ ಇನ್ನೊಂದು ಮಗ್ಗುಲಿನಿಂದ ಚಿಗುರುತ್ತದೆ. ಶರದೃತುವಿನಲ್ಲಿ ಅದರ ಹಳದಿ ಎಲೆಗಳನ್ನು ಮಕ್ಕಳು ಆರಿಸಿಕೊಳ್ಳುತ್ತಿರುತ್ತಾರೆ.

ಈ ದೇವಾಲಯದ ಇನ್ನೊಂದು ವಿಶೇಷ ಅದರ ಭವಿಷ್ಯದ ಚೀಟಿ. ಲೋಹದ ಡಬ್ಬಿಯನ್ನು ಅಲುಗಾಡಿಸಿದರೆ ಸಣ್ಣ ರಂಧ್ರದಿಂದ ಬಿದಿರಿನ ಕಡ್ಡಿಯೊಂದು ಹೊರಬರುತ್ತದೆ. ಅದರ ಮೇಲಿನ ಅಂಕಿಯ ಸೆಳೆಖಾನೆಯಿಂದ ಚೀಟಿ ತೆಗೆದುಕೊಳ್ಳಬೇಕು. ನೂರು ಚೀಟಿಗಳಲ್ಲಿ ಮೂವತ್ತು ಅಶುಭವೆಂದೇ ಲೆಕ್ಕ. ಬೇರೆ ಕಡೆಗಳಲ್ಲಿ ಭಕ್ತರನ್ನು ಸಂತೋಷಪಡಿಸಲು ಅಶುಭದ ಸಂಖ್ಯೆಯನ್ನು ಕಡಿಮೆ ಮಾಡಿದ್ದಾರೆ. ಸೆನ್ಸೋಜಿಯವರು ಮಾತ್ರ ಹಳೆಯ ಪ್ರಮಾಣವನ್ನೇ ಬಿಡದೆ ಉಳಿಸಿಕೊಂಡು ಬಂದಿದ್ದಾರೆ. ಕೆಟ್ಟ ಚೀಟಿ ಬಂದವರು ಅದನ್ನು ಮನೆಗೆ ಒಯ್ಯದೆ ಅಲ್ಲಿಯ ತಂತಿಗೆ ಕಟ್ಟಿ ಹೋಗುತ್ತಾರೆ. ಸಂಜೆಯ ವೇಳೆಗೆ ಆ ತಂತಿಗಳು ಕಾಗದದ ಹೂ ಬಿಟ್ಟ ಬೇಲಿಯಂತೆ ಕಾಣುತ್ತವೆ.

ಜುಲೈ ೧೦ರಂದು ಇಲ್ಲಿಗೆ ಒಮ್ಮೆ ಬಂದರೆ ೪೬,೦೦೦ ದಿನ ಬಂದ ಪುಣ್ಯವೆಂದು ನಂಬಿಕೆ. ಲೆಕ್ಕ ಹಾಕಿದರೆ ಅದು ನೂರಿಪ್ಪತ್ತಾರು ವರ್ಷವಾಗುತ್ತದೆ. ಒಬ್ಬ ಮನುಷ್ಯನ ಆಯುಷ್ಯಕ್ಕೆ ಧಾರಾಳವಾಗಿ ಸಾಕು. ಒಂದು ಅಳತೆಯ ಅಕ್ಕಿಯಲ್ಲಿ ಅಷ್ಟು ಕಾಳುಗಳಿರುವುವೆಂಬುದೇ ಈ ಸಂಖ್ಯೆಯ ಮೂಲವೆಂದು ಹೇಳುತ್ತಾರೆ. ಆ ದಿನವೂ ಅದರ ಹಿಂದಿನ ದಿನವೂ ಅಂಗಳದ ತುಂಬ ಕೆಂಪು ಬುಡ್ಡೆಹಣ್ಣಿನ ಗಿಡಗಳ ಸಂತೆ. ಕಾಗದದ ಬುಟ್ಟಿದೀಪವನ್ನೇ ಹೋಲುವ ಆ ಹಣ್ಣಿನ ಕುಂಡಗಳನ್ನು, ಗಾಳಿಗೆ ಕಿಣಿಕಿಣಿಗುಟ್ಟುವ ಗಾಜಿನ ಗಂಟೆಗಳೊಡನೆ, ಗೃಹಿಣಿಯರು ಮನೆಗೆ ಒಯ್ಯುತ್ತಾರೆ.

ಸಮಯವಿದ್ದವರು ನದಿಯ ಕಡೆಗೂ ಸ್ವಲ್ಪ ನಡೆಯಬೇಕು. ಆಚೆ ದಡದಲ್ಲಿ ೨೦೧೨ರಲ್ಲಿ ತೆರೆದ ೬೩೪ ಮೀಟರ್ ಎತ್ತರದ ಸ್ಕೈಟ್ರೀ ಗೋಪುರ ಎಲ್ಲರ ಕಣ್ಣನ್ನೂ ಮೇಲಕ್ಕೆ ಸೆಳೆಯುತ್ತದೆ. ಕೊತೊತೊಯಿ ಸೇತುವೆಯ ಈಚೆ ತುದಿಯ ಉದ್ಯಾನದಲ್ಲಿ ನೆಲದ ಮಟ್ಟದಲ್ಲಿಯೇ ಒಂದು ಸ್ಮಾರಕಶಿಲೆ ಇದೆ. ಅದರ ಬಳಿಯಲ್ಲಿ ಹಳೆಯ ಸೇತುವೆಯ ಅಂಚುಗಲ್ಲಿನ ಒಂದು ತುಂಡು. ಮಾರ್ಚ್ ೧೦ರಂದು ಅಲ್ಲಿ ಜನ ಸೇರಿ ಹೂವಿಡುತ್ತಾರೆ. ಎಂಟು ದಿನ ಕಳೆದು, ಮಾರ್ಚ್ ೧೮ರಂದು, ಬೆಸ್ತರ ಬಲೆಗೆ ದೇವರು ಬಂದ ದಿನವೆಂದು ದೇವಾಲಯದ ಅಂಗಳದಲ್ಲಿ ಹೊಂಬಣ್ಣದ ನಾಗದೇವತೆಯ ಕುಣಿತ ನಡೆಯುತ್ತದೆ. ಈ ಕುಣಿತ ಆರಂಭವಾದುದು ಮಂದಿರವು ಮತ್ತೆ ಎದ್ದ ೧೯೫೮ರಲ್ಲಿಯೇ. ಹೂವಿಟ್ಟವರಲ್ಲಿ ಹಲವರು ಕುಣಿತವನ್ನು ನೋಡಲೂ ಬರುತ್ತಾರೆ.

ಸಂಜೆ ಐದಕ್ಕೆ ಪ್ರಧಾನ ಮಂದಿರದ ಬಾಗಿಲು ಮುಚ್ಚುತ್ತದೆ. ನಕಾಮಿಸೆಯ ಅಂಗಡಿಗಳೂ ಒಂದೊಂದಾಗಿ ಕದವೆಳೆಯುತ್ತವೆ. ಎಳೆದ ಕದಗಳ ಮೇಲೆ ಅಸಾಕುಸದ ಹಬ್ಬಗಳ ಚಿತ್ರಗಳು ತೋರುತ್ತವೆ. ಬುಟ್ಟಿದೀಪಗಳಿಗೆ ಬೆಳಕು ಬರುತ್ತದೆ. ಅಂಗಳಕ್ಕೆ ಬೀಗವಿಲ್ಲವಾದುದರಿಂದ ಕೆಲಸ ಮುಗಿಸಿ ಮನೆಗೆ ಹೋಗುವವರು ಕೈಚೀಲದೊಡನೆ ಮೆಟ್ಟಿಲೇರಿ ಬರುತ್ತಾರೆ. ಒಂದು ಗಳಿಗೆ ಕೈಮುಗಿದು ನಿಂತು, ಬಾಗಿ, ನಿಲ್ದಾಣದ ಕಡೆಗೆ ಬೇಗಬೇಗನೆ ಹೆಜ್ಜೆ ಹಾಕುತ್ತಾರೆ. ಬಾಗಿಲು ಮುಚ್ಚಿದೆಯಲ್ಲ ಎಂದು ಹಿಂದಿರುಗಿದವರು ಅವರಲ್ಲಿ ಕಾಣಸಿಗುವುದಿಲ್ಲ.